ಹಳೆ ಮಾತ್ರೆಗೆ ಹೊಸ ಕೆಲಸ: ಮಲ್ಟಿಪಲ್ ಸ್ಕ್ಲೆರೋಸಿಸ್ ಮತ್ತು ಔಷಧಗಳ ಮರುಬಳಕೆ

2024ರ ಸೆಪ್ಟೆಂಬರಿನಲ್ಲಿ ಕೋಪನ್‌ಹೇಗನ್‌ನಲ್ಲಿ ಸೇರಿದ್ದ ನರರೋಗ ತಜ್ಞರ ಮುಂದೆ ಎಂ.ಎಸ್.-ಸ್ಟಾಟ್-2 ಪ್ರಯೋಗದ ಫಲಿತಾಂಶ ಬಂತು. ಕೊಲೆಸ್ಟರಾಲ್ ಇಳಿಸಲು ಲೋಕವೆಲ್ಲ ನುಂಗುವ ಸಿಮ್ವಾಸ್ಟಾಟಿನ್ ಮಾತ್ರೆ ಮಲ್ಟಿಪಲ್ ಸ್ಕ್ಲೆರೋಸಿಸ್‌ನ (ಎಂ.ಎಸ್.) ಎರಡನೆಯ, ನಿಧಾನವಾಗಿ ಏರುತ್ತಲೇ ಹೋಗುವ ಹಂತವನ್ನು ತಡೆದೀತೇ ಎಂಬುದು ಅದರ ಪ್ರಶ್ನೆಯಾಗಿತ್ತು. ಭಾಗವಹಿಸಿದವರು 964 ಮಂದಿ. ದಿನಕ್ಕೆ 80 ಮಿಲಿಗ್ರಾಂ. ಅಂಗವೈಕಲ್ಯ ಹೆಚ್ಚಿದವರ ಪ್ರಮಾಣ ಹುಸಿಮಾತ್ರೆ ಪಡೆದವರಿಗಿಂತ ಸಿಮ್ವಾಸ್ಟಾಟಿನ್ ಪಡೆದವರಲ್ಲಿ ಕಡಿಮೆಯಾಗಿರಲಿಲ್ಲ.

ಈ ಸೋಲನ್ನು ಸ್ವಲ್ಪ ನಿಂತು ನೋಡಬೇಕು. ಇದು ಗಾಳಿಯಲ್ಲಿ ಹೊಡೆದ ಗುಂಡಲ್ಲ. ಲಂಡನ್ನಿನ ಜೆರೆಮಿ ಚಟಾವೇ ಅವರ ತಂಡ 2014ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದ ಮೊದಲ ಪ್ರಯೋಗದಲ್ಲಿ 140 ಮಂದಿ ಇದ್ದರು. ಎರಡು ವರ್ಷಗಳ ಎಂ.ಆರ್.ಐ. ಚಿತ್ರಗಳನ್ನು ಅಳೆದಾಗ, ಹುಸಿಮಾತ್ರೆ ಗುಂಪಿನಲ್ಲಿ ಮಿದುಳು ವರ್ಷಕ್ಕೆ ಶೇ. 0.584ರಷ್ಟು ಕುಗ್ಗುತ್ತಿತ್ತು, ಸಿಮ್ವಾಸ್ಟಾಟಿನ್ ಗುಂಪಿನಲ್ಲಿ ಶೇ. 0.288ರಷ್ಟು. ಲೆಕ್ಕ ಸರಿಹೊಂದಿಸಿದ ಮೇಲೆ ಕುಗ್ಗುವಿಕೆ ಶೇ. 43ರಷ್ಟು ಕಡಿಮೆ. ಅಗ್ಗದ, ದಶಕಗಳಿಂದ ಪರಿಚಿತವಾದ ಮಾತ್ರೆಯೊಂದರಿಂದ ಇಂಥ ಅಂಕಿ ಬಂದರೆ ಯಾರಿಗಾದರೂ ಆಸೆ ಹುಟ್ಟದಿರದು. 2019ರಲ್ಲಿ ಅದೇ ದತ್ತಾಂಶವನ್ನು ಮತ್ತೆ ವಿಶ್ಲೇಷಿಸಿದಾಗ, ಈ ಪರಿಣಾಮ ಕೊಲೆಸ್ಟರಾಲ್ ಇಳಿಕೆಯ ಮೂಲಕ ಬಂದದ್ದಲ್ಲ ಎಂಬ ಸೂಚನೆಯೂ ದೊರಕಿತ್ತು. ಹಾಗಾದರೆ ಯಾವುದರ ಮೂಲಕ? ಅದಕ್ಕೆ ಖಚಿತ ಉತ್ತರ ಸಿಗುವ ಮೊದಲೇ ದೊಡ್ಡ ಪ್ರಯೋಗ ಶುರುವಾಗಿತ್ತು.

ಮಿದುಳಿನ ಗಾತ್ರಕ್ಕೂ ರೋಗಿಯ ನಡಿಗೆಗೂ ಸಂಬಂಧವಿದೆ, ಆದರೆ ಅದು ನೇರವಾದ ಸಂಬಂಧವಲ್ಲ. ಉರಿಯೂತ ತಗ್ಗಿದರೆ, ಊತಕದೊಳಗಿನ ನೀರಿನಂಶ ಬದಲಾದರೆ, ಒಂದು ನರಕೋಶವೂ ಸಾಯದೆ ಗಾತ್ರ ವ್ಯತ್ಯಾಸವಾಗಬಹುದು. ಎಂ.ಎಸ್.ನಲ್ಲಿ ಕಾಲುಗಳ ಶಕ್ತಿ ಕುಂದುವುದಕ್ಕೆ ಬಹುಪಾಲು ಕಾರಣ ಬೆನ್ನುಹುರಿ; ತಲೆಯ ಸ್ಕ್ಯಾನಿನಲ್ಲಿ ಆ ಕಥೆ ಕಾಣದು. ಪ್ರಯೋಗಕ್ಕೆ ಸೇರಿದವರ ಸ್ಥಿತಿಯನ್ನೂ ಗಮನಿಸಬೇಕು: ಅಂಗವೈಕಲ್ಯದ ಮಾನಕದಲ್ಲಿ 4ರಿಂದ 6.5. ಅಂದರೆ ಆಸರೆಯಿಲ್ಲದೆ ಅರ್ಧ ಕಿಲೋಮೀಟರು ನಡೆಯಬಲ್ಲವರಿಂದ ಹಿಡಿದು ಎರಡೂ ಕೈಗೆ ಊರುಗೋಲು ಬೇಕಾದವರವರೆಗೆ. ಆ ಹೊತ್ತಿಗೆ ಕಳೆದುಹೋದ ನರತಂತುಗಳನ್ನು ಯಾವ ಮಾತ್ರೆಯೂ ಮರಳಿ ತರಲಾರದು. ಚಿಕ್ಕ ಪ್ರಯೋಗಗಳು ಪರಿಣಾಮವನ್ನು ಹಿಗ್ಗಿಸಿ ತೋರುವ ಹಳೆಯ ಚಾಳಿಯೂ ಇದರ ಜೊತೆಗಿದೆ.

ಇದೇ ಹಂತದ ರೋಗಿಗಳಲ್ಲಿ ಮೂರು ಹಳೆ ಔಷಧಗಳನ್ನು ಒಟ್ಟಿಗೆ ಪರೀಕ್ಷಿಸಿದ ಎಂ.ಎಸ್.-ಸ್ಮಾರ್ಟ್ ಪ್ರಯೋಗ ಮಿದುಳಿನ ಕುಗ್ಗುವಿಕೆಯ ಮಟ್ಟದಲ್ಲೇ ನಿಂತುಹೋಯಿತು. 445 ಮಂದಿ, 96 ವಾರ. ರಕ್ತದೊತ್ತಡದ ಅಮಿಲೊರೈಡ್, ಖಿನ್ನತೆಯ ಫ್ಲುಯೊಕ್ಸೆಟೀನ್, ಸ್ನಾಯುಗಳನ್ನು ಆಡಿಸುವ ನರಕೋಶಗಳು ಸಾಯುವ ಎ.ಎಲ್.ಎಸ್. ರೋಗದ ರಿಲುಜೋಲ್: ಮೂರರಲ್ಲಿ ಒಂದೂ ಫಲ ಕೊಡಲಿಲ್ಲ.

ಕ್ಲೆಮಾಸ್ಟೀನಿನ ದಾರಿ ಬೇರೆ. ಇದು ಅಲರ್ಜಿಗೆ ಕೊಡುವ, ತೂಕಡಿಕೆ ತರುವ ಮಾತ್ರೆ. ಸ್ಯಾನ್‌ಫ್ರಾನ್ಸಿಸ್ಕೊದ ವಿಜ್ಞಾನಿಗಳು ನರತಂತುಗಳ ಹೊದಿಕೆಯಾದ, ಎಂ.ಎಸ್.ನಲ್ಲಿ ಹಾಳಾಗುವ ಮಯಲಿನ್ ಸೂಕ್ಷ್ಮ ಗಾಜಿನ ಕಂಬಗಳ ಸುತ್ತ ಸುತ್ತಿಕೊಳ್ಳುವಂತೆ ಮಾಡುವ ಪದಾರ್ಥಗಳನ್ನು ಹುಡುಕುತ್ತ ಇದನ್ನು ಆರಿಸಿದರು. ಆರಿ ಗ್ರೀನ್ ನೇತೃತ್ವದಲ್ಲಿ 50 ಮಂದಿಯ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕಣ್ಣಿನಿಂದ ಮಿದುಳಿಗೆ ಹೋಗುವ ಸಂಕೇತ 1.7 ಮಿಲಿಸೆಕೆಂಡಿನಷ್ಟು ಬೇಗ ತಲುಪಿತು. ಮಾನವರಲ್ಲಿ ಮಯಲಿನ್ ದುರಸ್ತಿಯನ್ನು ಔಷಧದಿಂದ ಪ್ರಚೋದಿಸಬಹುದು ಎಂಬುದಕ್ಕೆ ಇದು ಅಮೂಲ್ಯ ಸುಳಿವು. ಆದರೆ ದೃಷ್ಟಿಯಲ್ಲಿ ರೋಗಿಗೆ ತಾನಾಗಿ ಗೊತ್ತಾಗುವಷ್ಟು ಬದಲಾವಣೆ ಆಗಲಿಲ್ಲ. ಮುಂದೆ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳಲ್ಲಿ ಏರುಹಂತದ ರೋಗಿಗಳಿಗೆ ಇದನ್ನೇ ಕೊಟ್ಟಾಗ, ಒಂಬತ್ತು ಮಂದಿಯಲ್ಲಿ ಮೂವರ ಸ್ಥಿತಿ ಬೇಗ ಹದಗೆಟ್ಟು ಆ ಭಾಗವನ್ನು ನಿಲ್ಲಿಸಬೇಕಾಯಿತು. ಸಂಖ್ಯೆ ಚಿಕ್ಕದು, ನಿಜ. ಆದರೂ ‘ಹಳೆ ಔಷಧ, ಆದ್ದರಿಂದ ನಿರಪಾಯ’ ಎಂಬ ತರ್ಕವನ್ನು ಅಲುಗಾಡಿಸಲು ಅಷ್ಟು ಸಾಕು. ಒಂದು ಕಾಯಿಲೆಯಲ್ಲಿ ಪರೀಕ್ಷೆಗೊಂಡ ಸುರಕ್ಷತೆ ಇನ್ನೊಂದಕ್ಕೆ ತಾನಾಗಿ ವರ್ಗವಾಗುವುದಿಲ್ಲ.

ಈಗ ಮೆಟ್‌ಫಾರ್ಮಿನ್ ಸರದಿ. ಸಕ್ಕರೆ ಕಾಯಿಲೆಯವರಿರುವ ಮನೆಯಲ್ಲೆಲ್ಲ ಸಿಗುವ ಮಾತ್ರೆ. ಮುದಿ ಇಲಿಗಳಲ್ಲಿ ಮಯಲಿನ್ ಕಟ್ಟುವ ಕೋಶಗಳ ಸಾಮರ್ಥ್ಯವನ್ನು ಇದು ಮರಳಿಸುತ್ತದೆಂದು 2019ರಲ್ಲಿ ಕೇಂಬ್ರಿಜ್‌ನ ತಂಡ ತೋರಿಸಿತು. ಬ್ರಿಟನ್ನಿನಲ್ಲಿ 2023ರಿಂದ ನಡೆಯುತ್ತಿರುವ ಆಕ್ಟೋಪಸ್ ಪ್ರಯೋಗ ಮೆಟ್‌ಫಾರ್ಮಿನ್ ಮತ್ತು ಆಲ್ಫಾ ಲಿಪೋಯಿಕ್ ಆಮ್ಲವನ್ನು ಹುಸಿಮಾತ್ರೆಯೊಂದಿಗೆ ಹೋಲಿಸುತ್ತಿದೆ. ಒಂದೇ ಪ್ರಯೋಗದೊಳಗೆ ಹಲವು ಔಷಧ, ಹಲವು ಹಂತ; ಫಲ ಕಾಣದ್ದನ್ನು ನಡುವೆಯೇ ಕೈಬಿಟ್ಟು ಬೇರೆಯದನ್ನು ಸೇರಿಸಬಹುದು. ಈ ವಿನ್ಯಾಸ ಮೆಚ್ಚುವಂಥದು. ನನ್ನ ಆತಂಕ ಒಂದೇ ಕಡೆ: ಮೊದಲ ಹಂತ ದಾಟಲು ಬೇಕಾದ ಅಳತೆ ಮಿದುಳಿನ ಕುಗ್ಗುವಿಕೆಯೇ. ಸಿಮ್ವಾಸ್ಟಾಟಿನ್ ಆ ಬಾಗಿಲನ್ನು ಸಲೀಸಾಗಿ ದಾಟಿತ್ತು.

ಹಾಗೆಂದು ಮರುಬಳಕೆಯೇ ವ್ಯರ್ಥ ಎನ್ನುವಂತಿಲ್ಲ. ಸೋರಿಯಾಸಿಸ್ ಚಿಕಿತ್ಸೆಯಿಂದ ಬಂದ ಡೈಮಿಥೈಲ್ ಫ್ಯುಮರೇಟ್‌ಗೆ 2013ರಲ್ಲಿ ಅಮೆರಿಕದಲ್ಲಿ ಎಂ.ಎಸ್. ಪರವಾನಗಿ ಸಿಕ್ಕಿತು. ರಕ್ತದ ಕ್ಯಾನ್ಸರಿನ ಕ್ಲಾಡ್ರಿಬೀನ್ 2017ರಲ್ಲಿ ಯುರೋಪಿನಲ್ಲಿ ಮಾತ್ರೆಯಾಗಿ ಬಂತು. ಗೆದ್ದವುಗಳೆಲ್ಲ ಒಂದೇ ಕಡೆ ಇವೆ ಎಂಬುದನ್ನು ಗಮನಿಸಿ: ರೋಗನಿರೋಧಕ ಕೋಶಗಳನ್ನು ಹತೋಟಿಗೆ ತಂದು, ಕಾಯಿಲೆ ಮತ್ತೆ ಮತ್ತೆ ಎರಗುವುದನ್ನು ಕಡಿಮೆ ಮಾಡುವ ಕೆಲಸ ಅವುಗಳದು. ಅಲ್ಲಿ ಏನನ್ನು ತಡೆಯಬೇಕೆಂಬುದು ತಿಳಿದಿದೆ. ಏರುಹಂತದಲ್ಲಿ ನರ ಏಕೆ ಸಾಯುತ್ತದೆ ಎಂಬುದೇ ಪೂರ್ತಿ ತಿಳಿದಿಲ್ಲ.

ಅತ್ಯಂತ ಗಟ್ಟಿಯಾದ ಉದಾಹರಣೆ ರಿಟುಕ್ಸಿಮ್ಯಾಬ್. ಲಿಂಫೋಮ ಎಂಬ ಕ್ಯಾನ್ಸರಿಗೆ 1997ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಚುಚ್ಚುಮದ್ದು, ಬಿ-ಕೋಶಗಳೆಂಬ ರೋಗನಿರೋಧಕ ಕೋಶಗಳನ್ನು ಅಳಿಸುತ್ತದೆ. 2008ರಲ್ಲಿ 104 ಎಂ.ಎಸ್. ರೋಗಿಗಳಲ್ಲಿ ಹೊಸ ಗಾಯಗಳನ್ನು ಎದ್ದುಕಾಣುವಷ್ಟು ತಗ್ಗಿಸಿತು. ಆದರೆ ಅದರ ಒಡೆಯರು ಮುಂದೆ ಒಯ್ದದ್ದು ಅದೇ ಗುರಿಯ ಹೊಸ ಪ್ರತಿಕಾಯ ಓಕ್ರೆಲಿಜುಮ್ಯಾಬನ್ನು; ಅದಕ್ಕೆ 2017ರಲ್ಲಿ ಪರವಾನಗಿ ದೊರಕಿತು. ಸ್ವೀಡನ್ನಿನ ವೈದ್ಯರು ಕಾಯದೆ ಹಳೆಯದನ್ನೇ ಬಳಸಿದರು, ದಾಖಲೆ ಇಟ್ಟರು. 2022ರಲ್ಲಿ ಅಲ್ಲಿಂದಲೇ ಬಂದ, 200 ಮಂದಿಯ ನೇರ ಹೋಲಿಕೆಯಲ್ಲಿ ಎರಡು ವರ್ಷಗಳಲ್ಲಿ ಕಾಯಿಲೆ ಮರುಕಳಿಸಿದ್ದು ರಿಟುಕ್ಸಿಮ್ಯಾಬ್ ಪಡೆದ ಶೇ. 3 ಮಂದಿಗೆ, ಡೈಮಿಥೈಲ್ ಫ್ಯುಮರೇಟ್ ಪಡೆದ ಶೇ. 16 ಮಂದಿಗೆ. 2023ರ ಜುಲೈನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎಂ.ಎಸ್.ಗಾಗಿ ರಿಟುಕ್ಸಿಮ್ಯಾಬನ್ನು ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ನಮಗೆ ಇದು ದೂರದ ಸಂಗತಿಯಲ್ಲ. ಹೈದರಾಬಾದಿನ ಡಾ. ರೆಡ್ಡೀಸ್ ಕಂಪನಿ 2007ರಲ್ಲೇ ರಿಟುಕ್ಸಿಮ್ಯಾಬಿನ ಜೈವಿಕ ತದ್ರೂಪನ್ನು ಮಾರುಕಟ್ಟೆಗೆ ತಂದಿತು. ಭಾರತದ ನರರೋಗ ವಿಭಾಗಗಳಲ್ಲಿ ಇಂದು ಅದು ರೂಢಿಯ ಔಷಧ. ಇಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ. ಬಿ-ಕೋಶಗಳು ಅಳಿದಾಗ ಅಡಗಿದ್ದ ಹೆಪಟೈಟಿಸ್-ಬಿ ಮತ್ತೆ ತಲೆಯೆತ್ತಬಹುದು, ವರ್ಷಗಳು ಕಳೆದಂತೆ ಪ್ರತಿಕಾಯಗಳ ಮಟ್ಟ ಕುಸಿದು ಸೋಂಕುಗಳು ಹೆಚ್ಚಬಹುದು. ಈ ಸೋಂಕುಗಳೂ ಕ್ಷಯವೂ ವ್ಯಾಪಕವಾಗಿರುವ ನೆಲದಲ್ಲಿ ಎಷ್ಟು ಡೋಸು, ಎಷ್ಟು ಅಂತರ, ಎಲ್ಲಿ ನಿಲ್ಲಿಸಬೇಕು ಎಂಬುದಕ್ಕೆ ಸ್ವೀಡನ್ನಿನ ದಾಖಲೆ ಉತ್ತರ ಕೊಡಲಾರದು. ಮಂಗಳೂರಿನಲ್ಲಿ ಮಯಲಿನ್ ನಾಶದ ರೋಗಿಗಳ ನೋಂದಣಿ ವರ್ಷಗಳಿಂದ ನಡೆದಿದೆ. ಡೋಸು, ಸೋಂಕು ಮತ್ತು ಪ್ರತಿಕಾಯದ ಮಟ್ಟವನ್ನು ಜೊತೆಜೊತೆಗೆ ಬರೆದಿಡುವ ಕೆಲಸಕ್ಕೆ ಅಂಥ ನೋಂದಣಿಗಳೇ ಸರಿಯಾದ ಜಾಗ.