ಲಿಂಕ್ ಸತ್ತಿದ್ದು ರೂಟರ್‌ಗೆ ಯಾವಾಗ ಗೊತ್ತಾಗುತ್ತೆ?

ಇವತ್ತಿನ ಮಾತು 40 ಸೆಕೆಂಡಿನ ಬಗ್ಗೆ.

ಓಎಸ್‌ಪಿಎಫ್ ಮೊದಲು ಆರ್‌ಎಫ್‌ಸಿ ಆಗಿ ಬಂದಿದ್ದು 1989ರಲ್ಲಿ. ಪಕ್ಕದ ರೂಟರ್ ಬದುಕಿದೆಯಾ ಅಂತ ತಿಳಿಯೋಕೆ ಅದು ನಂಬಿದ್ದು ಹಲೋ ಪ್ಯಾಕೆಟ್ಟನ್ನ. ಈಥರ್‌ನೆಟ್‌ನಲ್ಲಿ ಸಾಮಾನ್ಯವಾಗಿ 10 ಸೆಕೆಂಡಿಗೊಂದು ಹಲೋ; 40 ಸೆಕೆಂಡು ಬರಲಿಲ್ಲ ಅಂದ್ರೆ ಪಕ್ಕದವನು ಹೋದ ಅಂತ ಲೆಕ್ಕ. ಬಿಜಿಪಿ ಇನ್ನೂ ಸಮಾಧಾನಿ, ಸಿಸ್ಕೋ ಡಿಫಾಲ್ಟ್ 180 ಸೆಕೆಂಡು. ಮೇಲ್, ಫೈಲು ಕಳಿಸೋ ಕಾಲಕ್ಕೆ ಅದು ನಡೀತಿತ್ತು.

ಟೆಲಿಫೋನ್ ಕಂಪನಿಗಳ ಸೋನೆಟ್‌ನಲ್ಲಿ ಹಾಗಲ್ಲ. ಫೈಬರ್ ತುಂಡಾದ್ರೆ ಹಾರ್ಡ್‌ವೇರೇ ಅಲಾರಂ ಕೊಟ್ಟು, ಸುಮಾರು 50 ಮಿಲಿಸೆಕೆಂಡಿನಲ್ಲಿ ಟ್ರಾಫಿಕ್ ಬೇರೆ ದಾರಿ ಹಿಡೀತಿತ್ತು. ಐಪಿ ಮೇಲೆ ಫೋನ್ ಕಾಲ್ ಬಂತು, ಸೋನೆಟ್ ಜಾಗಕ್ಕೆ ಅಗ್ಗದ ಈಥರ್‌ನೆಟ್ ಬಂತು. ತಲೆನೋವು ಶುರುವಾಗಿದ್ದು ಅಲ್ಲಿ. ಎರಡು ರೂಟರ್ ನಡುವೆ ಒಂದು ಸ್ವಿಚ್ ಇದೆ ಅಂದ್ಕೊಳ್ಳಿ. ಆ ಕಡೆ ಕೇಬಲ್ ಕಿತ್ತು ಬಂದ್ರೂ ಈ ಕಡೆ ಪೋರ್ಟ್ ಲೈಟು ಹಸಿರೇ. 40 ಸೆಕೆಂಡು ಪ್ಯಾಕೆಟ್ಟೆಲ್ಲ ಬಾವಿಗೆ.

ಹಲೋನೇ ಬೇಗ ಬೇಗ ಕಳಿಸೋಣ ಅಂತಲೂ ಮಾಡಿದ್ರು. ಆದರೆ ಅದು ಮುಖ್ಯ ಸಿಪಿಯುಗೆ ಹೊರೆ, ಅಲ್ಲದೆ ಪ್ರೋಟೋಕಾಲಿಗೊಂದು ಟೈಮರ್. ಡೇವ್ ಕಾಟ್ಜ್ ಮತ್ತು ಡೇವ್ ವಾರ್ಡ್ ಈ ಒಂದೇ ಕೆಲಸಕ್ಕೆ ಬೇರೆ ಪ್ರೋಟೋಕಾಲ್ ಬರೆದರು: ಬಿಎಫ್‌ಡಿ. ಅಥೆಂಟಿಕೇಶನ್ ಇಲ್ಲದಿದ್ದರೆ ಬರೀ 24 ಬೈಟಿನ ಪ್ಯಾಕೆಟ್, ಯುಡಿಪಿ ಪೋರ್ಟ್ 3784. ಲೈನ್‌ಕಾರ್ಡ್ ಮೇಲೇ ಓಡಿಸಬಹುದು. ಲಿಂಕ್ ಹೋದ ತಕ್ಷಣ ಓಎಸ್‌ಪಿಎಫ್, ಬಿಜಿಪಿ ಎಲ್ಲಕ್ಕೂ ಸುದ್ದಿ ಮುಟ್ಟಿಸುತ್ತೆ. ನಾನು ಎಷ್ಟು ಬೇಗ ಕಳಿಸಬಲ್ಲೆ, ನೀನು ಎಷ್ಟು ಬೇಗ ತಗೋಬಲ್ಲೆ ಅಂತ ಇಬ್ಬರೂ ಹೇಳಿಕೊಳ್ತಾರೆ; ನಿಧಾನದವನ ಮಾತೇ ನಡೆಯೋದು. ಇದು ನನಗೆ ತುಂಬಾ ಇಷ್ಟವಾದ ವಿಷಯ. 2010ರ ಜೂನ್‌ನಲ್ಲಿ ಆರ್‌ಎಫ್‌ಸಿ 5880 ಆಯ್ತು, ಅಷ್ಟರಲ್ಲಿ ರೂಟರ್‌ಗಳಲ್ಲಿ ಇದು ವರ್ಷಗಳಿಂದ ಓಡ್ತಾನೇ ಇತ್ತು.

ಸಿಸ್ಕೋದಲ್ಲಿ ಇಂಟರ್‌ಫೇಸ್‌ಗೆ ಟೈಮರ್ ಹಾಕಿ, ಓಎಸ್‌ಪಿಎಫ್‌ನಲ್ಲಿ ಬಿಎಫ್‌ಡಿ ಆನ್ ಮಾಡೋದು ಮರೆತರೆ ಸೆಷನ್ನೇ ಏಳಲ್ಲ. ಹೊಸಬರು ಎಡವೋದು ಇಲ್ಲೇ.

ನಾನು ಎಡವಿದ್ದು ಬೇರೆ ಕಡೆ. ಹಳೇ ಕಂಪನಿಯಲ್ಲಿ ಜೋಶಲ್ಲಿ 50 ಮಿಲಿಸೆಕೆಂಡು, ಮಲ್ಟಿಪ್ಲೈಯರ್ 3 ಹಾಕಿದ್ದೆ. ಅಂದ್ರೆ 150 ಮಿಲಿಸೆಕೆಂಡಿನಲ್ಲಿ ತೀರ್ಮಾನ. ಆ ಹಳೇ ಪೆಟ್ಟಿಗೆಯಲ್ಲಿ ಬಿಎಫ್‌ಡಿ ಓಡ್ತಿದ್ದಿದ್ದು ಸಾಫ್ಟ್‌ವೇರಲ್ಲಿ, ಅದೇ ಮುಖ್ಯ ಸಿಪಿಯು ಮೇಲೆ. ರಾತ್ರಿ ಲೋಡ್ ಏರಿ ಮೂರು ಪ್ಯಾಕೆಟ್ ತಡ ಆಯ್ತು. ಚೆನ್ನಾಗಿದ್ದ ಲಿಂಕನ್ನೇ ಸತ್ತಿದೆ ಅಂತು. ಓಎಸ್‌ಪಿಎಫ್ ಮತ್ತೆ ದಾರಿ ಲೆಕ್ಕ ಹಾಕ್ತು, ಲೋಡ್ ಇನ್ನೂ ಏರ್ತು, ಮತ್ತೆ ಬಿತ್ತು. ಬೆಳಗಿನ ಜಾವದವರೆಗೂ ಇದೇ ಆಟ.

ಆಮೇಲೆ 300 ಗುಣಿಲೆ 3 ಮಾಡಿದೆ. 900 ಮಿಲಿಸೆಕೆಂಡು. ಹೇಳ್ಕೊಳ್ಳೋಕೆ ಗತ್ತಿಲ್ಲ, ಆದರೆ ಆ ಲಿಂಕಿಗಾಗಿ ರಾತ್ರಿ ಫೋನ್ ಬರೋದು ನಿಂತಿತು.