ಹಸುವಿನ ಕೆಚ್ಚಲು ಬಾವು: ಆ್ಯಂಟಿಬಯಾಟಿಕ್ ಯಾವಾಗ, ಯಾವುದು, ಹಾಲು ಎಷ್ಟು ದಿನ ಬೇಡ?

ಹಾಲು ಕೊಡುವ ಹಸುಗಳಿಗೆ ಆ್ಯಂಟಿಬಯಾಟಿಕ್ ಕೊಡಬೇಕಾಗಿ ಬರುವುದು ಹೆಚ್ಚಾಗಿ ಕೆಚ್ಚಲು ಬಾವಿಗೆ. ಮುಂಬೈ, ಪುಣೆ, ಹೈದರಾಬಾದಿನಲ್ಲಿರುವ ಹಲವು ಕನ್ನಡಿಗರಿಗೆ ಇದು ಊರಿನ ಮನೆಯ ವಿಷಯ. ಕೊಟ್ಟಿಗೆ ಅಲ್ಲಿ, ಔಷಧದ ಖರ್ಚು ಇಲ್ಲಿಂದ. ಖಾಲಿ ಬಾಟಲಿಯ ಫೋಟೊ ವಾಟ್ಸಾಪಿನಲ್ಲಿ ಬರುತ್ತದೆ, ‘ಕಳೆದ ಸಲ ಇದರಿಂದಲೇ ವಾಸಿಯಾಗಿತ್ತು, ಇದನ್ನೇ ಕಳಿಸು’ ಎಂಬ ಮಾತಿನೊಂದಿಗೆ. ಔಷಧ ಅಂಗಡಿಯ ಕೌಂಟರಿನ ಹಿಂದೆ ನಿಂತವರಿಗೆ ಈ ಬೇಡಿಕೆ ಹೊಸದಲ್ಲ. ಆದರೆ ಈ ಸಲದ ಬಾವು ಕಳೆದ ಸಲದ್ದೇ ಆಗಿರಬೇಕಿಲ್ಲ. ಜೊತೆಗೆ, ಹಸುವಿಗೆ ಕೊಟ್ಟ ಔಷಧ ಹಸುವಿನಲ್ಲೇ ಉಳಿಯುವುದಿಲ್ಲ, ಹಾಲಿಗೂ ಬರುತ್ತದೆ. ಆ ಹಾಲು ಕುಡಿಯುವ ಮನೆಯಲ್ಲಿ ಪುಟ್ಟ ಮಗು ಇರಬಹುದು, ಪೆನಿಸಿಲಿನ್ ಅಲರ್ಜಿ ಇರುವ ಹಿರಿಯರಿರಬಹುದು.

ಎಲ್ಲ ಬಾವಿಗೂ ಆ್ಯಂಟಿಬಯಾಟಿಕ್ ಬೇಕೇ?

ಬೇಕಿಲ್ಲ. ಬಾವಿನ ತೀವ್ರತೆಯನ್ನು ಮೊದಲು ನೋಡಬೇಕು. ಹಾಲಿನಲ್ಲಿ ಮಾತ್ರ ಗರಣೆ ಅಥವಾ ನೀರುನೀರಾದ ಬದಲಾವಣೆ ಕಂಡರೆ ಅದು ಸೌಮ್ಯ. ಕೆಚ್ಚಲೂ ಊದಿ, ಬಿಸಿಯಾಗಿ, ಮುಟ್ಟಿದರೆ ಹಸು ಒದೆಯುತ್ತಿದ್ದರೆ ಮಧ್ಯಮ. ಹಸು ಮೇವು ಬಿಟ್ಟು, ಜ್ವರ ಬಂದು, ಕಣ್ಣು ಗುಳಿಬಿದ್ದು ಮಂಕಾಗಿದ್ದರೆ ಅದು ತುರ್ತು. ಆಗ ನಾಳೆಗೆ ಕಾಯಬಾರದು.

ಸೌಮ್ಯ ಬಾವಿನಲ್ಲಿ, ವಿಶೇಷವಾಗಿ ಇ. ಕೋಲೈ ಕಾರಣವಾಗಿದ್ದರೆ, ಹಸುವಿನ ದೇಹವೇ ಅನೇಕ ಸಲ ಸೋಂಕನ್ನು ತೊಳೆದುಹಾಕುತ್ತದೆ. ಪಶುವೈದ್ಯರು ಒಂದು ದಿನ ಕಾದು ನೋಡೋಣ ಎಂದರೆ ಅದು ಉದಾಸೀನವಲ್ಲ. ಅದೇ ಇ. ಕೋಲೈ ತೀವ್ರ ರೂಪದಲ್ಲಿ ಬಂದಾಗ ಹಸುವಿಗೆ ಅಪಾಯ ತರುವುದು ಬ್ಯಾಕ್ಟೀರಿಯಾ ಬಿಡುಗಡೆ ಮಾಡುವ ವಿಷ. ಆಗ ಆ್ಯಂಟಿಬಯಾಟಿಕ್‌ನಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚಾಗಿ, ಡ್ರಿಪ್ ಮತ್ತು ಉರಿಯೂತ ಇಳಿಸುವ ಔಷಧ ಜೀವ ಉಳಿಸುತ್ತವೆ. (ಆ ಔಷಧ ಡೈಕ್ಲೋಫೆನಾಕ್ ಆಗಿರಬಾರದು. ರಣಹದ್ದುಗಳ ಸಾವಿಗೆ ಕಾರಣವಾದ ಅದನ್ನು ಜಾನುವಾರುಗಳಿಗೆ ಬಳಸುವುದು ಭಾರತದಲ್ಲಿ 2006ರಿಂದ ನಿಷಿದ್ಧ. ಮೆಲಾಕ್ಸಿಕ್ಯಾಮ್ ಸುರಕ್ಷಿತ ಪರ್ಯಾಯ.)

ಕೆಚ್ಚಲಿನಿಂದಾಚೆಗೂ ಇದೇ ಮಾತು. ಹಾಲುಜ್ವರ ಎಂಬ ಹೆಸರಿನಲ್ಲಿ ಜ್ವರವಿದ್ದರೂ ರೋಗದಲ್ಲಿ ಜ್ವರವಿಲ್ಲ, ಸೋಂಕೂ ಇಲ್ಲ. ಅದು ಕರು ಹಾಕುವ ಹೊತ್ತಿನ ಕ್ಯಾಲ್ಸಿಯಂ ಕೊರತೆ. ಕಾಲುಬಾಯಿ ಜ್ವರ, ಚರ್ಮಗಂಟು ರೋಗ ವೈರಸ್‌ನಿಂದ ಬರುತ್ತವೆ. ಅಲ್ಲಿ ಆ್ಯಂಟಿಬಯಾಟಿಕ್ ಕೊಟ್ಟರೆ ಅದು ಹುಣ್ಣಿಗೆ ಆಮೇಲೆ ತಗಲುವ ಬ್ಯಾಕ್ಟೀರಿಯಾಕ್ಕೆ ಮಾತ್ರ.

ಯಾವ ಔಷಧ?

ಮೊದಲ ಟ್ಯೂಬ್ ಹಾಕುವ ಮೊದಲೇ ಹಾಲಿನ ಮಾದರಿ ತೆಗೆದಿಡಬೇಕು. ಎಲ್ಲಕ್ಕಿಂತ ಹೆಚ್ಚು ತಪ್ಪಿಹೋಗುವ ಹೆಜ್ಜೆ ಇದೇ. ಒಂದು ಡೋಸ್ ಬಿದ್ದ ಮೇಲೆ ತೆಗೆದ ಹಾಲಿನಲ್ಲಿ ಬ್ಯಾಕ್ಟೀರಿಯಾ ಬೆಳೆಯದೇ ಇರಬಹುದು, ಆಗ ವರದಿಯಿಂದ ಏನೂ ತಿಳಿಯುವುದಿಲ್ಲ. ಮೊಲೆತೊಟ್ಟನ್ನು ಸ್ಪಿರಿಟ್‌ನಿಂದ ಒರೆಸಿ, ಮೊದಲ ಕೆಲವು ಧಾರೆಗಳನ್ನು ಬೇರೆ ಪಾತ್ರೆಗೆ ಕರೆದು, ನಂತರದ ಹಾಲನ್ನು ಕ್ರಿಮಿರಹಿತ ಶೀಶೆಯಲ್ಲಿ ಹಿಡಿದು ಐಸ್‌ನಲ್ಲಿಟ್ಟು ಕಳಿಸಬೇಕು. ಶೀಶೆ ಎಲ್ಲಿ ಸಿಗುತ್ತದೆ, ಎಲ್ಲಿಗೆ ಕಳಿಸಬೇಕು ಎಂಬುದನ್ನು ಹತ್ತಿರದ ಪಶು ಆಸ್ಪತ್ರೆಯಲ್ಲಿ ಕೇಳಿ.

ವರದಿ ಬರುವವರೆಗೆ ವೈದ್ಯರು ಅನುಭವದ ಮೇಲೆ ಒಂದು ಔಷಧ ಆರಂಭಿಸಬಹುದು. ವರದಿ ಬಂದ ಮೇಲೆ ಅದನ್ನು ಬದಲಾಯಿಸಲೂಬಹುದು. ಸ್ಟ್ರೆಪ್ಟೊಕಾಕಸ್ ಅಗಲ್ಯಾಕ್ಟಿಯೆ ಬಂದಿದ್ದರೆ ಹಳೆಯ, ಅಗ್ಗದ ಪೆನಿಸಿಲಿನ್ನೇ ಚೆನ್ನಾಗಿ ಕೆಲಸ ಮಾಡುತ್ತದೆ. ಸ್ಟ್ಯಾಫಿಲೊಕಾಕಸ್ ಔರಿಯಸ್ ಹಠಮಾರಿ. ಅದು ಕೆಚ್ಚಲಿನ ಒಳ ಅಂಗಾಂಶದಲ್ಲಿ ಅಡಗುತ್ತದೆ. ವಯಸ್ಸಾದ ಹಸುವಿನಲ್ಲಿ, ಕೆಚ್ಚಲು ಗಟ್ಟಿಯಾಗಿ ತಿಂಗಳುಗಳೇ ಆಗಿದ್ದರೆ, ಟ್ಯೂಬ್ ಮೇಲೆ ಟ್ಯೂಬ್ ಹಾಕಿದರೂ ಗುಣವಾಗುವ ಸಾಧ್ಯತೆ ಕಡಿಮೆ. ಅಂಥ ಹಸುವನ್ನು ಎಲ್ಲಕ್ಕಿಂತ ಕೊನೆಗೆ ಕರೆಯುವುದು, ಆ ತೊಟ್ಟನ್ನು ಒಣಗಿಸುವುದು ಹೆಚ್ಚು ಬುದ್ಧಿವಂತಿಕೆಯ ದಾರಿ. ಯೀಸ್ಟ್ ಅಥವಾ ಪ್ರೊಟೊಥೀಕಾ ಎಂಬ ಪಾಚಿ ಕಾರಣವಾಗಿದ್ದರೆ ಯಾವ ಆ್ಯಂಟಿಬಯಾಟಿಕ್ ಕೂಡ ನಾಟುವುದಿಲ್ಲ.

‘ಸ್ಟ್ರಾಂಗ್ ಇರೋದು ಕೊಡಿ’ ಎಂಬ ಮಾತು ಮನುಷ್ಯರ ವಿಷಯದಲ್ಲೂ ಕೇಳುತ್ತೇವೆ, ಹಸುವಿನ ವಿಷಯದಲ್ಲೂ. ಸೆಫ್ಟ್ರಿಯಾಕ್ಸೋನ್, ಸೆಫ್ಟಿಯೋಫರ್, ಎನ್ರೋಫ್ಲಾಕ್ಸಸಿನ್ ಹೊಸವು, ಹೆಚ್ಚು ಬಗೆಯ ಬ್ಯಾಕ್ಟೀರಿಯಾವನ್ನು ತಾಗುವಂಥವು. ಸ್ಟ್ರೆಪ್ಟೊಕಾಕಸ್ ಮೇಲೆ ಪೆನಿಸಿಲಿನ್‌ಗಿಂತ ಇವು ‘ಸ್ಟ್ರಾಂಗ್’ ಏನಲ್ಲ. ಈ ಗುಂಪಿನ ಔಷಧಗಳು ಆಸ್ಪತ್ರೆಯಲ್ಲಿ ತೀವ್ರ ಸೋಂಕಿಗೆ ಒಳಗಾದ ಮನುಷ್ಯರಿಗೆ ಬೇಕಾದವು. ಕೊಟ್ಟಿಗೆಯಲ್ಲಿ ಬೆಳೆದ ನಿರೋಧಕ ಬ್ಯಾಕ್ಟೀರಿಯಾ ಕೊಟ್ಟಿಗೆಯಲ್ಲೇ ನಿಲ್ಲುವುದಿಲ್ಲ. ಇದೇ ಕಾಳಜಿಯಿಂದ ಆಹಾರಕ್ಕಾಗಿ ಸಾಕುವ ಪ್ರಾಣಿಗಳಲ್ಲಿ ಕೊಲಿಸ್ಟಿನ್ ಬಳಕೆಯನ್ನು ಭಾರತ 2019ರಲ್ಲಿ ನಿಷೇಧಿಸಿತು. ಸೆಫ್ಟಿಯೋಫರ್ ಚುಚ್ಚುಮದ್ದಿಗೆ ಇನ್ನೊಂದು ಆಕರ್ಷಣೆಯಿದೆ: ಅಮೆರಿಕದ ಲೇಬಲ್‌ಗಳಲ್ಲಿ ಅದಕ್ಕೆ ಹಾಲು ಚೆಲ್ಲುವ ಅಗತ್ಯವೇ ಇಲ್ಲ. ಹೈನುಗಾರರಿಗೆ ಅದು ಎಷ್ಟು ದೊಡ್ಡ ಅನುಕೂಲ ಎಂಬುದು ಅರ್ಥವಾಗುತ್ತದೆ. ಆದರೂ ಔಷಧ ಆರಿಸಲು ಅದೊಂದೇ ಕಾರಣವಾಗಬಾರದು ಎಂಬುದು ನನ್ನ ಅಭಿಪ್ರಾಯ.

ಡೋಸ್: ಕಣ್ಣಂದಾಜು ಬೇಡ

ಡೋಸ್ ನಿರ್ಧಾರವಾಗುವುದು ತೂಕದ ಮೇಲೆ. ತೂಕದ ಯಂತ್ರ ಇಲ್ಲದಿದ್ದರೆ ಟೇಪ್ ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನು, ಭುಜದ ಮೂಳೆಯಿಂದ ಹಿಂಭಾಗದ ಮೂಳೆಯವರೆಗಿನ ಉದ್ದವನ್ನು ಇಂಚಿನಲ್ಲಿ ಅಳೆಯಿರಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ಕೆ.ಜಿ. ಲೆಕ್ಕ ಸಿಗುತ್ತದೆ. ಸುತ್ತಳತೆ 66, ಉದ್ದ 60 ಇಂಚು ಇದ್ದರೆ ಸುಮಾರು 396 ಕೆ.ಜಿ. ಈ ಸಂಖ್ಯೆಯನ್ನು ವೈದ್ಯರಿಗೆ ಫೋನಿನಲ್ಲಿ ಹೇಳಿದರೂ ಉಪಯೋಗ.

ಪೆನಿಸಿಲಿನ್ ಗುಂಪಿನ ಔಷಧ ಬ್ಯಾಕ್ಟೀರಿಯಾದ ಸುತ್ತ ಎಷ್ಟು ಹೊತ್ತು ಉಳಿಯುತ್ತದೆ ಎಂಬುದು ಮುಖ್ಯ. ಆದ್ದರಿಂದ 12 ಗಂಟೆಗೊಮ್ಮೆ ಎಂದು ಬರೆದಿದ್ದರೆ ದಿನಕ್ಕೊಮ್ಮೆ ಎರಡು ಪಾಲು ಕೊಡುವುದು ಸಮವಲ್ಲ. ಎರಡನೇ ದಿನ ಹಾಲು ಬೆಳ್ಳಗೆ ಕಂಡಿತೆಂದು ಉಳಿದ ಟ್ಯೂಬನ್ನು ಮುಂದಿನ ಸಲಕ್ಕೆ ಎತ್ತಿಡಲೂ ಬಾರದು.

ನಗರದಿಂದ ಮನುಷ್ಯರ ಅಮಾಕ್ಸಿಸಿಲಿನ್ ಕ್ಯಾಪ್ಸೂಲ್ ಕಳಿಸುವವರಿದ್ದಾರೆ. ದಯವಿಟ್ಟು ಬೇಡ. ಬೆಳೆದ ಹಸುವಿನ ಮೊದಲ ಹೊಟ್ಟೆಯಲ್ಲಿ ಹುಲ್ಲನ್ನು ಜೀರ್ಣಿಸುವ ಕೋಟ್ಯಂತರ ಸೂಕ್ಷ್ಮಜೀವಿಗಳಿವೆ. ಬಾಯಿಂದ ಕೊಟ್ಟ ಆ್ಯಂಟಿಬಯಾಟಿಕ್ ಅವುಗಳನ್ನು ಕೆಡಿಸುತ್ತದೆ, ಕೆಚ್ಚಲಿಗೆ ತಲುಪುವುದು ತೀರಾ ಅಲ್ಪ.

ಕೆಚ್ಚಲಿಗೆ ಟ್ಯೂಬ್ ಹಾಕುವಾಗ ಪೂರ್ತಿ ಹಾಲು ಕರೆದು, ತೊಟ್ಟಿನ ತುದಿಯನ್ನು ಸ್ಪಿರಿಟ್‌ನಿಂದ ಶುಚಿಮಾಡಿ, ಮೂತಿಯನ್ನು ಸ್ವಲ್ಪ ಮಾತ್ರ ಒಳಗಿಡಬೇಕು. ಕೊಳಕು ತುದಿಯಿಂದ ಹೊಸ ಸೋಂಕನ್ನೇ ಒಳಗೆ ತಳ್ಳಿದಂತಾಗುತ್ತದೆ. ಪೆನಿಸಿಲಿನ್ ಅಲರ್ಜಿ ಇರುವವರು ಈ ಕೆಲಸವನ್ನು ಬೇರೆಯವರಿಗೆ ಬಿಡಲಿ.

ಹಾಲು ಬಳಸಬಾರದ ಅವಧಿ

ಲೇಬಲ್‌ನಲ್ಲಿ ‘ವಿದ್‌ಡ್ರಾವಲ್ ಪೀರಿಯಡ್’ ಎಂದಿರುತ್ತದೆ. ಇದಕ್ಕೆ ಕನ್ನಡದಲ್ಲಿ ‘ಹಿಂತೆಗೆತದ ಅವಧಿ’ ಎಂದರೆ ಯಾರಿಗೂ ಅರ್ಥವಾಗುವುದಿಲ್ಲ. ‘ಹಾಲು ಬಿಡುವ ಅವಧಿ’ ಎಂದರೆ ಕರುವಿಗೆ ಹಾಲು ಬಿಡಬೇಕೆಂದು ತಿಳಿಯುವವರೂ ಇದ್ದಾರೆ. ‘ಹಾಲು ಬಳಸಬಾರದ ಅವಧಿ’ ಎಂದೇ ಹೇಳಿ, ಫೋನಿನಲ್ಲೂ ಹಾಗೇ ಹೇಳಿ.

ಎಣಿಕೆ ಶುರುವಾಗುವುದು ಕೊನೆಯ ಡೋಸಿನಿಂದ. ಲೇಬಲ್‌ನಲ್ಲಿ 72 ಗಂಟೆ ಎಂದಿದ್ದು, ಕೊನೆಯ ಟ್ಯೂಬ್ ಸೋಮವಾರ ಸಂಜೆ 6ಕ್ಕೆ ಹಾಕಿದ್ದರೆ, ಗುರುವಾರ ಸಂಜೆ 6ರ ತನಕ ಕರೆದ ಯಾವ ಹಾಲೂ ಬಳಕೆಗಿಲ್ಲ. ನಮ್ಮ ಔಷಧ ನಿಯಮಗಳ ಪ್ರಕಾರ, ಆ ಔಷಧಕ್ಕೆ ಪರೀಕ್ಷಿಸಿ ನಿಗದಿಪಡಿಸಿದ ಅವಧಿ ಇಲ್ಲದಿದ್ದರೆ ಹಾಲಿಗೆ ಕನಿಷ್ಠ 7 ದಿನ, ಮಾಂಸಕ್ಕೆ ಕನಿಷ್ಠ 28 ದಿನ. ವೈದ್ಯರು ಲೇಬಲ್‌ಗಿಂತ ಹೆಚ್ಚು ಡೋಸ್ ಅಥವಾ ಹೆಚ್ಚು ದಿನ ಕೊಟ್ಟಿದ್ದರೆ ಲೇಬಲ್‌ನ ಗಂಟೆಗಳು ಅನ್ವಯಿಸುವುದಿಲ್ಲ. ಹೊಸ ಅವಧಿಯನ್ನು ಅವರಿಂದಲೇ ಬರೆಸಿಕೊಳ್ಳಿ.

ಟ್ಯೂಬ್ ಹಾಕಿದ್ದು ಒಂದೇ ತೊಟ್ಟಿಗೆ, ಉಳಿದ ಮೂರರ ಹಾಲು ಬಳಸಬಹುದಲ್ಲವೇ? ಇಲ್ಲ. ಔಷಧ ರಕ್ತಕ್ಕೆ ಸೇರಿ ಉಳಿದ ತೊಟ್ಟುಗಳ ಹಾಲಿಗೂ ಬರಬಹುದು. ನಾಲ್ಕೂ ತೊಟ್ಟಿನ ಹಾಲನ್ನು ಬೇರೆ ಇಡಬೇಕು.

ಕುದಿಸಿದರೆ ಔಷಧ ಹೋಗುತ್ತದೆ ಎಂಬ ನಂಬಿಕೆ ಬಲವಾಗಿದೆ. ಕುದಿಸುವುದರಿಂದ ಬ್ಯಾಕ್ಟೀರಿಯಾ ಸಾಯುತ್ತವೆ. ಪೆನಿಸಿಲಿನ್, ಟೆಟ್ರಾಸೈಕ್ಲಿನ್ ಸ್ವಲ್ಪ ಭಾಗ ಮಾತ್ರ ನಾಶವಾಗುತ್ತವೆ, ಎನ್ರೋಫ್ಲಾಕ್ಸಸಿನ್ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಅಂತರರಾಷ್ಟ್ರೀಯ ಆಹಾರ ಮಾನದಂಡದಲ್ಲಿ ಒಂದು ಕೆ.ಜಿ. ಹಾಲಿಗೆ ಪೆನಿಸಿಲಿನ್ ಮಿತಿ 4 ಮೈಕ್ರೋಗ್ರಾಂ. ಒಂದು ಗ್ರಾಂನಲ್ಲಿ ಹತ್ತು ಲಕ್ಷ ಮೈಕ್ರೋಗ್ರಾಂ ಇವೆ ಎಂದು ನೆನೆದರೆ ಈ ಮಿತಿ ಎಷ್ಟು ಕಿರಿದು ಎಂಬುದು ತಿಳಿಯುತ್ತದೆ. ಅಲರ್ಜಿ ಇರುವವರಲ್ಲಿ ಇಂಥ ಹಾಲಿನಿಂದ ದದ್ದು, ಅಪರೂಪಕ್ಕೆ ಅದಕ್ಕಿಂತ ತೀವ್ರ ಪ್ರತಿಕ್ರಿಯೆ ಆಗಬಹುದು. ಹಾಲು ಕುಡಿದ ಮೇಲೆ ತುಟಿ ಅಥವಾ ಮುಖ ಊದಿದರೆ, ಉಸಿರು ಕಟ್ಟಿದರೆ ತಕ್ಷಣ ಆಸ್ಪತ್ರೆಗೆ ಹೋಗಿ.

ಹೆಪ್ಪು ಹಾಕಿದ ಹಾಲು ಮೊಸರಾಗದಿದ್ದರೆ ಆ್ಯಂಟಿಬಯಾಟಿಕ್ ಇರಬಹುದೆಂಬ ಅನುಮಾನ ಸರಿಯೇ. ಹೆಪ್ಪಿನಲ್ಲಿರುವುದೂ ಬ್ಯಾಕ್ಟೀರಿಯಾ ತಾನೇ. ಆದರೆ ಮೊಸರು ಚೆನ್ನಾಗಿ ಆಯಿತು ಎಂದಮಾತ್ರಕ್ಕೆ ಹಾಲು ಶುದ್ಧ ಎಂದು ಹೇಳಲಾಗದು. ಚಳಿಗೂ ಹೆಪ್ಪು ಕೈಕೊಡುತ್ತದೆ.

ಬೇರೆ ಇಟ್ಟ ಹಾಲನ್ನು ಕರುವಿಗೂ ಕುಡಿಸಬೇಡಿ. ಕಡಿಮೆ ಪ್ರಮಾಣದ ಔಷಧ ದಿನವೂ ಕರುವಿನ ಕರುಳಿಗೆ ಹೋದರೆ ಅಲ್ಲಿ ನಿರೋಧಕ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಬಾವಿ, ಕೆರೆಯಿಂದ ದೂರ ಗುಂಡಿ ತೋಡಿ ಸುರಿದು ಮುಚ್ಚಬೇಕು.

ದಿನಕ್ಕೆ 10 ಲೀಟರ್ ಕೊಡುವ ಹಸುವಾದರೆ ಏಳು ದಿನಕ್ಕೆ 70 ಲೀಟರ್ ಮಣ್ಣುಪಾಲು. ಮನೆಯವರಿಗೆ ಇದು ನಿಜವಾದ ನಷ್ಟ. ಅದಕ್ಕೇ ಚಿಕಿತ್ಸೆ ಶುರುವಾಗುವ ದಿನವೇ ವೈದ್ಯರನ್ನು ಕೇಳಿ: ಈ ಸೋಂಕಿಗೆ ನಾಟುವ ಔಷಧಗಳಲ್ಲಿ ಹಾಲು ಬಳಸಬಾರದ ಅವಧಿ ಕಡಿಮೆ ಇರುವುದು ಯಾವುದು? ಹಲವು ಸಲ ಇದಕ್ಕೆ ಉತ್ತರ ಇರುತ್ತದೆ. ಔಷಧದ ಹೆಸರು, ಕೊನೆಯ ಡೋಸಿನ ದಿನ ಮತ್ತು ಹೊತ್ತು, ಹಾಲು ಬಳಸಬಹುದಾದ ದಿನ, ಇವಿಷ್ಟನ್ನು ಕೊಟ್ಟಿಗೆಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದರೆ ಹಾಲು ಕರೆಯುವವರು ಯಾರೇ ಆದರೂ ಗೊತ್ತಾಗುತ್ತದೆ. ವೈದ್ಯರು ಹತ್ತಿರದಲ್ಲಿಲ್ಲದ ಊರಿನವರು ಸಂಚಾರಿ ಪಶು ಚಿಕಿತ್ಸಾ ಘಟಕಕ್ಕೆ 1962ಕ್ಕೆ ಕರೆ ಮಾಡಬಹುದು, ಕರೆಗೆ ಹಣವಿಲ್ಲ.