ಶ್ರವಣದೋಷವುಳ್ಳ ಮಕ್ಕಳ ಪೋಷಕರ ಸಬಲೀಕರಣ, ಮೈಸೂರು

ಕಿವಿ ಕೇಳದ ಮಕ್ಕಳ ತಂದೆತಾಯಿಯರನ್ನು, ಅದರಲ್ಲೂ ತಾಯಂದಿರನ್ನು, ಮಗುವಿನ ಮೊದಲ ಶಿಕ್ಷಕರನ್ನಾಗಿ ತಯಾರು ಮಾಡುವ ಪದ್ಧತಿ ಮೈಸೂರಿನಲ್ಲಿ ಬೇರೂರಿದೆ. ಶಾಲೆ, ಆಸ್ಪತ್ರೆ, ಸರ್ಕಾರಿ ಕಚೇರಿಗಳಲ್ಲಿ ಮಗುವಿನ ಪರ ವಾದಿಸುವ ಶಕ್ತಿಗೂ ಈ ತರಬೇತಿಯೇ ಬುನಾದಿ.

ನಗರದಲ್ಲಿ ಕಿವುಡ ಹಾಗೂ ಅಂಧ ಮಕ್ಕಳ ಸರ್ಕಾರಿ ಶಾಲೆ 1901ರಷ್ಟು ಹಿಂದೆಯೇ ಆರಂಭವಾಗಿತ್ತು. ಮಗುವನ್ನು ಶಾಲೆಗೆ ಒಪ್ಪಿಸಿದರೆ ಪೋಷಕರ ಕೆಲಸ ಬಹುತೇಕ ಮುಗಿಯಿತು ಎಂಬುದು ಆ ಕಾಲದ ರೂಢಿ. ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ (ಸ್ಥಾಪನೆ 1965) ಈ ರೂಢಿಯನ್ನು ಬದಲಿಸಿತು. ಅದರ ಶಾಲಾಪೂರ್ವ ಕೇಂದ್ರದಲ್ಲಿ ತಾಯಿ ಹೊರಗೆ ಕಾಯುತ್ತ ಕೂರುವುದಿಲ್ಲ, ಕಲಿಸುವುದರಲ್ಲಿ ಪಾಲುಗೊಳ್ಳುತ್ತಾಳೆ. ಕಿವುಡು ಮಕ್ಕಳ ಪೋಷಕರ ಸಂಘವು ರೋಟರಿ ವೆಸ್ಟ್ ಸೇವಾ ಕ್ಲಬ್ ಜೊತೆ ಸೇರಿ ನಡೆಸುವ ಶಾಲೆಯಲ್ಲಂತೂ ತಾಯಿ-ಮಗು ಒಟ್ಟಿಗೆ ತರಗತಿಗೆ ಬರುತ್ತಾರೆ. ಪೋಷಕರೇ ಸಂಘ ಕಟ್ಟಿಕೊಂಡು ಶಾಲೆ ನಡೆಸಿದ್ದು ಇಲ್ಲಿಯ ವಿಶೇಷ.

ಇಂಥ ತರಬೇತಿಯಲ್ಲಿ ತಾಯಿ ಕಲಿಯುವ ವಿಷಯಗಳು ನೋಡಲು ಸಣ್ಣವು. ಶ್ರವಣ ಸಾಧನದ ಬ್ಯಾಟರಿ ಮತ್ತು ಕಿವಿಯೊಳಗೆ ಕೂರುವ ಅಚ್ಚನ್ನು ದಿನವೂ ಪರೀಕ್ಷಿಸಬೇಕು. ಬಾಯಿ ಮರೆಮಾಡಿಕೊಂಡು ಆ, ಈ, ಊ, ಮ್, ಸ್, ಶ್ ಎಂಬ ಆರು ಧ್ವನಿಗಳನ್ನು ನುಡಿದು ಮಗು ಯಾವುದನ್ನು ಗುರುತಿಸಿತು, ಯಾವುದನ್ನು ಬಿಟ್ಟಿತು ಎಂದು ಬರೆದಿಡಬೇಕು. ಲಿಂಗ್ ಪರೀಕ್ಷೆ ಎಂದು ಕರೆಯುವ ಈ ಕ್ರಮಕ್ಕೆ ಕೆಲವೇ ನಿಮಿಷ ಸಾಕು. ಆದರೆ ಅದರ ಬೆಲೆ ತಿಳಿಯುವುದು ತಜ್ಞರ ಎದುರು ಕುಳಿತಾಗ. ‘ಸರಿಯಾಗಿ ಕೇಳಿಸ್ತಾ ಇಲ್ಲ’ ಎಂಬ ದೂರಿಗಿಂತ ‘ಎರಡು ವಾರದಿಂದ ಸ್, ಶ್ ಎರಡಕ್ಕೂ ತಿರುಗಿ ನೋಡ್ತಿಲ್ಲ’ ಎಂಬ ಮಾತಿಗೆ ತೂಕ ಹೆಚ್ಚು. ಭಾಷಣ ಶಿಬಿರಗಳಿಗಿಂತ ಈ ನೋಟ್‌ಬುಕ್ಕೇ ಹಕ್ಕಿನ ಹೋರಾಟದ ಮೊದಲ ಪಾಠ ಎನ್ನಬಹುದು.

ಕಾನೂನಿನ ಆಸರೆಯೂ ಇದೆ. 2017ರ ಏಪ್ರಿಲ್ 19ರಿಂದ ಜಾರಿಯಲ್ಲಿರುವ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ (2016) 21 ಬಗೆಯ ವೈಕಲ್ಯಗಳನ್ನು ಗುರುತಿಸುತ್ತದೆ. ಶೇ. 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯವೆಂದು ಪ್ರಮಾಣೀಕೃತವಾದ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ನೆರೆಹೊರೆಯ ಶಾಲೆಯಲ್ಲಾಗಲಿ, ಅವರು ಬಯಸಿದ ವಿಶೇಷ ಶಾಲೆಯಲ್ಲಾಗಲಿ ಉಚಿತ ಶಿಕ್ಷಣದ ಹಕ್ಕಿದೆ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ದ್ವಿತೀಯ ಮತ್ತು ತೃತೀಯ ಭಾಷೆಗಳಿಂದ ವಿನಾಯಿತಿಯನ್ನು 17ನೇ ಕಲಮು ಹೆಸರಿಸುತ್ತದೆ. ಹಲವು ಭಾಷೆ ಕಲಿಯಬೇಕಾದ ಕರ್ನಾಟಕದ ಕಿವುಡ ವಿದ್ಯಾರ್ಥಿಗೆ ಇದು ಸಣ್ಣ ಸವಲತ್ತಲ್ಲ. ಹಕ್ಕು ಸಿಗದಿದ್ದರೆ ಬೆಂಗಳೂರಿನಲ್ಲಿರುವ ಅಂಗವಿಕಲ ವ್ಯಕ್ತಿಗಳ ರಾಜ್ಯ ಆಯುಕ್ತರಿಗೆ ದೂರು ಕೊಡಬಹುದು. ಸಾಕ್ಷಿಗಳನ್ನು ಕರೆಸುವ, ದಾಖಲೆ ತರಿಸುವ ವಿಷಯದಲ್ಲಿ ಅವರಿಗೆ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ.

ಕಿವುಡುತನದ ಜೊತೆಗೆ ಸೆರೆಬ್ರಲ್ ಪಾಲ್ಸಿ, ಆಟಿಸಂ, ಬೌದ್ಧಿಕ ವೈಕಲ್ಯದಂಥ ಬಹುವೈಕಲ್ಯವುಳ್ಳವರ ಪೋಷಕರಿಗೆ ಇನ್ನೊಂದು ಕಾಯಿದೆ ಮುಖ್ಯ. 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಡಿ, ಮಕ್ಕಳಿಗೆ 18 ತುಂಬಿದ ಮೇಲೆ ಪಾಲಕರನ್ನು ನೇಮಿಸುವುದು ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿ. ಕಿವುಡುತನವೊಂದೇ ಇರುವವರು ಇದರ ವ್ಯಾಪ್ತಿಗೆ ಬರುವುದಿಲ್ಲ.

ತಾಯಿಯನ್ನೇ ಶಿಕ್ಷಕಿಯಾಗಿಸುವ ಈ ಪದ್ಧತಿಯ ಮೇಲೆ ಎರಡು ಆಕ್ಷೇಪಗಳಿವೆ. ಕೇಳಿಸಿಕೊಂಡು ಮಾತನಾಡುವುದಕ್ಕೇ ಒತ್ತು ಕೊಟ್ಟರೆ ಸನ್ನೆ ಭಾಷೆ ಹಿಂದೆ ಸರಿಯುತ್ತದೆ ಎಂಬುದು ಕಿವುಡ ಸಮುದಾಯದ ಹಳೆಯ ತಕರಾರು. ಇನ್ನೊಂದು ಮನೆಯೊಳಗಿನದು: ‘ಪೋಷಕರು’ ಎಂದು ಕಾಗದದಲ್ಲಿದ್ದರೂ ತರಗತಿಗೆ ಬರುವವಳು ಹೆಚ್ಚಾಗಿ ತಾಯಿಯೇ. ಪರವೂರಿನವಳಾದರೆ ಸಂಬಳದ ಕೆಲಸ ಬಿಟ್ಟು, ಮೈಸೂರಿನಲ್ಲಿ ಬಾಡಿಗೆ ಕೋಣೆ ಹಿಡಿಯಬೇಕಾಗುತ್ತದೆ. ಊರಲ್ಲಿ ಉಳಿದ ಮಕ್ಕಳನ್ನು ಯಾರಾದರೂ ನೋಡಿಕೊಳ್ಳಬೇಕು. 2016ರ ಕಾಯಿದೆ ಮಗುವಿನ ಶಿಕ್ಷಣವನ್ನು ಉಚಿತ ಎನ್ನುತ್ತದೆ, ತಾಯಿ ಕಳೆದುಕೊಳ್ಳುವ ಸಂಬಳದ ಮಾತೆತ್ತುವುದಿಲ್ಲ.